ನಿಂತ ಗಾಡಿ ಬ್ಯಾಟರಿಗೆ ಚಿಕ್ಕ ಸೋಲಾರ್ ಪ್ಯಾನಲ್, ಬೆಂಗಳೂರಲ್ಲಿ ಯಾರಾದ್ರೂ ಹಾಕಿದೀರಾ?

ಬನಶಂಕರಿ_2ನೇ_ಸ್ಟೇಜ್
ಎಲ್ಲರಿಗೂ ನಮಸ್ಕಾರ. ನಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿಯತ್ತೆ ಅನ್ನೋ ಅಳತೆ) ಬ್ಯಾಟರಿ, ಹಾಕ್ಸಿ ಎರಡೂವರೆ ವರ್ಷ ಆಯ್ತು. ಆಫೀಸು ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟ್ 11ಕ್ಕೆ ಮೆಟ್ರೋ ಹಳದಿ ಲೈನ್ ಶುರುವಾಯ್ತಲ್ಲ, ಅವತ್ತಿಂದ ಆರ್.ವಿ. ರೋಡಲ್ಲಿ ಹತ್ತಿ ಹೋಗ್ತಾ ಇದೀನಿ, ಸಿಲ್ಕ್ ಬೋರ್ಡ್ ಹತ್ರ ನಿಂತ್ಕೊಂಡು ಕಾಯೋದು ತಪ್ತು, ತುಂಬಾ ಖುಷಿ. ಆದ್ರೆ ಗಾಡಿ ಮನೆ ಪೋರ್ಟಿಕೋದಲ್ಲೇ ನಿಂತ್ಬಿಡ್ತು. ಹನ್ನೊಂದು ದಿನ ಆದ್ಮೇಲೆ ಅಮ್ಮನ್ನ ಕಣ್ಣಿನ ಪೊರೆ ಆಪರೇಷನ್ನಿಗೆ ಬೆಳಿಗ್ಗೆ ಆರು ಗಂಟೆಗೆ ಕರ್ಕೊಂಡು ಹೋಗ್ಬೇಕಿತ್ತು, ಸೆಲ್ಫ್ ಹೊಡೆದ್ರೆ ಬರೀ ಟಕ ಟಕ ಟಕ ಅಂತು, ಡ್ಯಾಶ್‌ಬೋರ್ಡ್ ಲೈಟೆಲ್ಲಾ ಮಂಕಾಗಿ ಆರ್ಹೋಯ್ತು. ರಾತ್ರಿಯಿಂದ ಏನೂ ತಿನ್ನದೆ ಗೇಟ್ ಹತ್ರ ನಿಂತಿದ್ರು ಪಾಪ. ಆಟೋ ಸಿಕ್ತು, ಆಪರೇಷನ್ನೂ ಚೆನ್ನಾಗಾಯ್ತು, ಆದ್ರೆ ಅವತ್ತಿನ ಆ ಇಪ್ಪತ್ತು ನಿಮಿಷ ನಾನು ಮರೆಯಲ್ಲ. ಇನ್ನೊಂದು ಕಣ್ಣಿಗೆ ಅಕ್ಟೋಬರಲ್ಲಿ ಡೇಟ್ ಕೊಟ್ಟಿದಾರೆ.

ಅದಕ್ಕೆ ಆನ್‌ಲೈನಲ್ಲಿ 20 ವಾಟ್ ಅಂತ ಬರ್ಕೊಂಡಿದ್ದ ಸೋಲಾರ್ ಪ್ಯಾನಲ್ ತರಿಸ್ದೆ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚೋದು. ಬ್ಯಾಟರಿ ಅಂಗಡೀಲಿ ಒಂದು ರಾತ್ರಿ ಚಾರ್ಜಿಗೆ ಹಾಕ್ಸಿ ತಂದು ಇದನ್ನ ಹಾಕಿ ಬಿಟ್ಟೆ. ಆರು ದಿನ ಬಿಟ್ಟು ಮೀಟರ್ ಹಿಡಿದ್ರೆ 12.1 ವೋಲ್ಟ್! ಅಂದ್ರೆ ಏನೂ ಪ್ರಯೋಜನ ಆಗಿಲ್ಲ. ಸೋಲಾರ್ರೇ ದಂಡನಾ ಅಥವಾ ನಾನೇ ತಪ್ಪು ಮಾಡಿದೀನಾ?

ಗ್ಯಾರೇಜ್_26_ವರ್ಷ
ಸಾರ್ ಮೊದಲು ಒಂದು ಕೆಲಸ ಮಾಡಿ. ಕೀ ತೆಗೆದು ಜೇಬಿಗೆ ಹಾಕ್ಕೊಂಡು ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಚುಚ್ಚಿ. ಮೊಬೈಲ್ ಚಾರ್ಜ್ ಆಗ್ತಿಲ್ಲ ಅಂದ್ರೆ ಕೀ ಆಫ್ ಮಾಡಿದ ತಕ್ಷಣ ಸಾಕೆಟ್ಟು ಬ್ಯಾಟರಿಯಿಂದ ಕಟ್ ಆಗತ್ತೆ ಅಂತ ಅರ್ಥ. ನಮ್ಮಲ್ಲಿ ಬರೋ ಗಾಡಿ ಸುಮಾರು ಹಂಗೇ ಇರೋದು. ಬ್ಯಾಟರಿಯಿಂದ ಸಾಕೆಟ್‌ಗೆ ಕರೆಂಟ್ ಬರಲ್ಲ ಅಂದ್ಮೇಲೆ ಸಾಕೆಟ್ಟಿಂದ ಬ್ಯಾಟರಿಗೂ ಹೋಗಲ್ಲ.

ಬನಶಂಕರಿ_2ನೇ_ಸ್ಟೇಜ್
ಈಗ್ಲೇ ನೋಡ್ದೆ ಅಣ್ಣ, ಚಾರ್ಜ್ ಆಗ್ತಿಲ್ಲ. ಆರು ದಿನ ಆ ಪ್ಯಾನಲ್ಲು ಯಾವುದಕ್ಕೂ ಸೇರದೆ ಸುಮ್ನೆ ಬಿಸಿಲು ಕಾಯಿಸ್ಕೊಂಡು ಕೂತಿತ್ತು ಅಂತಾಯ್ತು. ಹಂಗಾದ್ರೆ ಬ್ಯಾಟರಿಗೇ ನೇರ ವೈರ್ ಎಳೀಬೇಕಾ?

ಗ್ಯಾರೇಜ್_26_ವರ್ಷ
ಹೌದು, ಟರ್ಮಿನಲ್‌ಗೇ. ಮಧ್ಯ ಫ್ಯೂಸ್ ಇಲ್ದೆ ಎಳೀಬೇಡಿ ಅಷ್ಟೇ.

ಮೀಟರ್_ಹಿಡ್ಕೊಂಡೋನು
ವೈರ್ ಎಳೆಯೋಕ್ಕಿಂತ ಮುಂಚೆ ನಾನು ಒಂದು ಹೇಳ್ತೀನಿ ಸಾರ್, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ. ಎಲ್ಲರೂ ಎಷ್ಟು ವಾಟ್ ಪ್ಯಾನಲ್ ತಗೊಳ್ಳಿ ಅಂತ ಕೇಳ್ತಾರೆ, ಗಾಡಿ ಎಷ್ಟು ತಿಂತಾ ಇದೆ ಅಂತ ಯಾರೂ ನೋಡಲ್ಲ. ಬಕೆಟ್ಟಲ್ಲಿ ತೂತು ಎಷ್ಟು ದೊಡ್ಡದು ಅಂತ ನೋಡ್ದೆ ನಲ್ಲಿ ತಗೊಂಡ್ ಬಂದ ಹಂಗೆ.

35 ಎಎಚ್ ಬ್ಯಾಟರಿ ಹನ್ನೊಂದೇ ದಿನಕ್ಕೆ ಮಲಗತ್ತೆ ಅಂದ್ರೆ ಅದು ಸರಿ ಇಲ್ಲ. ಗಾಡಿ ಲಾಕ್ ಮಾಡಿ ಬಿಟ್ಟಾಗ ಅಲಾರಂ, ಲಾಕ್ ರಿಸೀವರ್, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಮೆಮೊರಿ ಇವೆಲ್ಲ ಸೇರಿ ಒಂದು 20ರಿಂದ 50 ಮಿಲಿ ಆಂಪ್ಸ್ ಎಳೆಯೋದು ಮಾಮೂಲು. 50 ಅಂತಾನೇ ಇಟ್ಕೊಳ್ಳಿ, ದಿನಕ್ಕೆ 24 ಗಂಟೆ, 1.2 ಎಎಚ್. ಅರ್ಧ ಖಾಲಿ ಆಗಕ್ಕೇ ಎರಡು ವಾರ ಹಿಡಿಯತ್ತೆ. ನಿಮ್ಮದು ಅದರ ಡಬಲ್‌ಗಿಂತ ಜಾಸ್ತಿ ಎಳೀತಿದೆ ಅನ್ಸತ್ತೆ.

ನೋಡೋದು ಹೆಂಗೆ ಅಂದ್ರೆ: ಮಲ್ಟಿಮೀಟರ್‌ನ 10 ಆಂಪ್ಸ್ ತೂತಿಗೆ ಕೆಂಪು ವೈರ್ ಹಾಕಿ. ಬಾನೆಟ್ ತೆಗೆದಿಟ್ಟು ಅದರ ಲಾಕನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿರೋ ಹಂಗೆ ಮಾಡಿ, ಇಲ್ಲಾಂದ್ರೆ ಕೆಲವು ಗಾಡಿ ಬಾನೆಟ್ ತೆರೆದಿದೆ ಅಂತ ಎಚ್ಚರವಾಗೇ ಇರ್ತವೆ. ಬಾಗ್ಲು ಲಾಕ್ ಮಾಡಿ, ಕೀಲೆಸ್ ಆದ್ರೆ ಕೀ ಮನೆ ಒಳಗಡೆ ಇಡಿ. ನೆಗೆಟಿವ್ ಕೇಬಲ್ ಬಿಚ್ಚಿ ಬ್ಯಾಟರಿ ನೆಗೆಟಿವ್‌ಗೂ ಆ ಕೇಬಲ್‌ಗೂ ಮಧ್ಯ ಮೀಟರ್ ಸೇರ್ಸಿ. ಮೊದಲು ಜಾಸ್ತಿ ತೋರ್ಸತ್ತೆ, ಗಾಬರಿ ಬೇಡ. ಅರ್ಧ ಮುಕ್ಕಾಲು ಗಂಟೆ ಕಾಯಿರಿ, ಇಸಿಯು ಎಲ್ಲಾ ಮಲಗಿದ್ಮೇಲೆ ಬರೋದೇ ನಿಜವಾದ ಲೆಕ್ಕ. ಮೀಟರ್ ಸೇರ್ಸಿರೋವಾಗ ಅಪ್ಪಿತಪ್ಪಿ ಸೆಲ್ಫ್ ಹೊಡೀಬೇಡಿ, ಮೀಟರ್ ಫ್ಯೂಸ್ ಹೋಗತ್ತೆ.

ಹೊಸಗಾಡಿ_ವೈಟ್‌ಫೀಲ್ಡ್
ಫಾಸ್ಟ್‌ಟ್ಯಾಗ್ ಸ್ಟಿಕ್ಕರ್ರೂ ಬ್ಯಾಟರಿ ತಿನ್ನತ್ತಾ?

ಮೀಟರ್_ಹಿಡ್ಕೊಂಡೋನು
ಇಲ್ಲ ಸಾರ್. ಅದಕ್ಕೆ ವೈರೇ ಇಲ್ವಲ್ಲ. ಟೋಲ್‌ನಲ್ಲಿರೋ ರೀಡರ್ ಕಳಿಸೋ ಸಿಗ್ನಲ್ಲಿಂದಾನೇ ಅದು ಕೆಲಸ ಮಾಡತ್ತೆ.

ಬನಶಂಕರಿ_2ನೇ_ಸ್ಟೇಜ್
ಭಾನುವಾರ ಕೂತು ನೋಡ್ದೆ. 50 ನಿಮಿಷ ಕಾದ್ರೂ 115 ಮಿಲಿ ಆಂಪ್ಸ್ ಕಮ್ಮಿ ಆಗ್ಲೇ ಇಲ್ಲ! ಆಮೇಲೆ ಒಂದೊಂದೇ ಫ್ಯೂಸ್ ಕೀಳ್ತಾ ಹೋದೆ, ಸ್ಟೀರಿಯೋ ಫ್ಯೂಸ್ ಕಿತ್ತ ತಕ್ಷಣ 32ಕ್ಕೆ ಬಿತ್ತು. ಹೋದ ವರ್ಷ ಹೊರಗಡೆ ಹಾಕ್ಸಿದ್ದ ಆಂಡ್ರಾಯ್ಡ್ ಸ್ಟೀರಿಯೋ ಅದು. ಬೇಗ ಆನ್ ಆಗ್ಲಿ ಅಂತ ಅದು ಪೂರ್ತಿ ಆಫೇ ಆಗಲ್ವಂತೆ, ಅರೆನಿದ್ದೇಲಿ ಇರತ್ತಂತೆ. ದಿನಾ ಆಫೀಸಿಗೆ ಓಡಿಸ್ತಿದ್ದಾಗ ಎಂಜಿನ್ ಓಡೋವಾಗ ಕರೆಂಟ್ ಮಾಡೋ ಆಲ್ಟರ್ನೇಟರ್ ತುಂಬಿಸ್ಕೊಡ್ತಿತ್ತು, ಗೊತ್ತಾಗ್ತಿರ್ಲಿಲ್ಲ. ಗಾಡಿ ನಿಂತ್ಮೇಲೆ ಬಂಡವಾಳ ಬಯಲಾಯ್ತು.

ಮೀಟರ್_ಹಿಡ್ಕೊಂಡೋನು
ನೋಡಿದ್ರಾ. 115 ಅಂದ್ರೆ ದಿನಕ್ಕೆ 2.76 ಎಎಚ್, ಹನ್ನೊಂದು ದಿನಕ್ಕೆ 30. ಎರಡೂವರೆ ವರ್ಷದ 35 ಎಎಚ್ ಬ್ಯಾಟರೀಲಿ ಇನ್ನೇನು ಉಳಿಯತ್ತೆ. ಈಗ 32 ಅಂದ್ರೆ ದಿನಕ್ಕೆ 0.77 ಎಎಚ್ ಅಷ್ಟೇ. ಆ ಸ್ಟೀರಿಯೋ ಲೈನ್‌ಗೆ ಒಂದು ಸ್ವಿಚ್ ಹಾಕ್ಸಿ. ಈಗ ನಿಮಗೆ ಚಿಕ್ಕ ಪ್ಯಾನಲ್ ಸಾಕು.

ರಾಜಾಜಿನಗರ_ಎಂಜಿನಿಯರಿಂಗ್_ಹುಡುಗ
10 ವಾಟ್ ಭಾಗ 12 ವೋಲ್ಟ್ ಅಂದ್ರೆ 0.83 ಆಂಪ್ಸ್. ಬೆಂಗಳೂರಲ್ಲಿ 5 ಗಂಟೆ ಒಳ್ಳೆ ಬಿಸಿಲು ಅಂತ ಹಿಡಿದ್ರೆ 4 ಎಎಚ್ ಮೇಲೆ. 5 ವಾಟೇ ಜಾಸ್ತಿ ಆಯ್ತಲ್ವಾ?

ಮೀಟರ್_ಹಿಡ್ಕೊಂಡೋನು
ಇಲ್ಲೇ ಎಲ್ಲರೂ ಜಾರೋದು ತಮ್ಮ. 12 ವೋಲ್ಟ್ ಬ್ಯಾಟರಿಗೆ ಅಂತ ಮಾರೋ ಪ್ಯಾನಲ್ಲು 12 ವೋಲ್ಟಿಂದಲ್ಲ. ಅದರಲ್ಲಿ ಸಾಮಾನ್ಯವಾಗಿ 36 ಸೆಲ್ ಇರತ್ತೆ, ಆ 10 ವಾಟ್ ಅನ್ನೋದು 17–18 ವೋಲ್ಟಲ್ಲಿ ಅಳೆದಿರೋದು. ಅಂದ್ರೆ ಕರೆಂಟ್ 0.55 ಆಂಪ್ಸ್ ಆಸುಪಾಸು. ಸಾಧಾರಣ ಪಿಡಬ್ಲ್ಯುಎಂ ಕಂಟ್ರೋಲರ್ (ಪ್ಯಾನಲ್ಲಿಗೂ ಬ್ಯಾಟರಿಗೂ ಮಧ್ಯ ಕೂತು ಚಾರ್ಜ್ ಮಿತಿ ಮೀರದ ಹಂಗೆ ನೋಡ್ಕೊಳೋ ಡಬ್ಬಿ) ಹಾಕಿದ್ರೂ ಅದೇ 0.55 ಬ್ಯಾಟರಿಗೆ ಹೋಗೋದು, ಹೆಚ್ಚಿನ ವೋಲ್ಟೇಜ್ ಕರೆಂಟಾಗಿ ಬದಲಾಗಲ್ಲ. 5 ಗಂಟೆಗೆ 2.75 ಎಎಚ್. ಅದೂ ತೆರೆದ ಬಿಸಿಲಲ್ಲಿ, ಪ್ಯಾನಲ್ ಸೂರ್ಯನಿಗೆ ಎದುರಾಗಿದ್ರೆ. ಧೂಳು, ಬಿಸಿ, ಓರೆ ಬಿಸಿಲು ಎಲ್ಲಾ ಕಳೆದು ಎರಡು ಸಿಕ್ರೆ ಸಂತೋಷ ಪಡ್ಬೇಕು. ಈ ಮೋಡದ ತಿಂಗಳಲ್ಲಿ ಅರ್ಧ ಸಿಕ್ರೂ ಆಯ್ತು. ಇವರಿಗೆ ಬೇಕಾಗಿರೋದು 0.77, ಕಂಟ್ರೋಲರ್ ತಾನೇ ತಿನ್ನೋ 10 ಮಿಲಿ ಆಂಪ್ಸ್ ಸೇರ್ಸಿದ್ರೆ 1. ಮಳೆಗಾಲಕ್ಕೂ ಆಗ್ಬೇಕು ಅಂದ್ರೆ 10 ವಾಟೇ ಸರಿ.

ಮತ್ತೆ ಆ '20 ವಾಟ್' ಪ್ಯಾನಲ್ ಅಳತೆ ಎಷ್ಟಿದೆ ಸಾರ್?

ಬನಶಂಕರಿ_2ನೇ_ಸ್ಟೇಜ್
ಎ4 ಹಾಳೆ ಇಟ್ಟು ನೋಡ್ದೆ, ಹಾಳೆಗಿಂತ ಬೆರಳಗಲ ಚಿಕ್ಕದೇ.

ಮೀಟರ್_ಹಿಡ್ಕೊಂಡೋನು
ಹಂಗಾದ್ರೆ ಅದು 20 ಆಗಕ್ಕೆ ಸಾಧ್ಯಾನೇ ಇಲ್ಲ. ಸುಡೋ ಬಿಸಿಲಲ್ಲಿ ಒಂದು ಚದರ ಮೀಟರ್ ಮೇಲೆ ಬೀಳೋದು ಸುಮಾರು 1000 ವಾಟ್, ಒಳ್ಳೆ ಸೆಲ್ ಅದರಲ್ಲಿ ಐದರಲ್ಲಿ ಒಂದು ಪಾಲು ಕರೆಂಟ್ ಮಾಡತ್ತೆ. ಎ4 ಹಾಳೆ 0.062 ಚದರ ಮೀಟರ್, ಪೂರ್ತಿ ಸೆಲ್ಲೇ ತುಂಬಿದ್ರೂ 12 ವಾಟ್ ಚಿಲ್ರೆ. ಮಧ್ಯಾಹ್ನದ ಬಿಸಿಲಿಗೆ ಹಿಡಿದು ಮೀಟರ್ 10 ಆಂಪ್ಸಲ್ಲಿಟ್ಟು ಎರಡು ವೈರಿಗೂ ನೇರ ಮುಟ್ಸಿ, ಪ್ಯಾನಲ್‌ಗೆ ಏನೂ ಆಗಲ್ಲ. ಆಮೇಲೆ ಡ್ಯಾಶ್‌ಬೋರ್ಡ್ ಮೇಲಿಟ್ಟೂ ಹಂಗೇ ನೋಡಿ.

ಬನಶಂಕರಿ_2ನೇ_ಸ್ಟೇಜ್
ಇವತ್ತು ಒಂದು ಗಂಟೆಗೆ ಮೋಡ ಬಿಟ್ಟಿತ್ತು. ತಾರಸಿ ಮೇಲೆ 0.42 ಆಂಪ್ಸ್. ಗಾಡಿ ಒಳಗೆ ಗಾಜಿನ ಹಿಂದೆ, ಗಾಡೀನ ಬಿಸಿಲಿಗೆ ಆಚೆ ತಂದು ನಿಲ್ಸಿ ನೋಡಿದ್ರೂ 0.18! ನನಗೆ ನಿಜವಾಗ್ಲೂ ಸಿಟ್ಟು ಬಂತು. 20 ವಾಟ್ ಅಂತ ದುಡ್ಡು ಕೊಟ್ಟು ತಗೊಂಡಿದ್ದು 7 ವಾಟೂ ಸರಿಯಾಗಿ ಇಲ್ಲ. ವಾಪಸ್ ಕಳಿಸ್ತಿದೀನಿ.

ಗ್ಯಾರೇಜ್_26_ವರ್ಷ
ಗಾಜಿನ ಹಿಂದೆ ಇಡೋದು ನನಗೂ ಇಷ್ಟ ಇಲ್ಲ. ಮುಂದಿನ ಗಾಜು ಎರಡು ಪದರದ್ದು, ಮಧ್ಯ ಪ್ಲಾಸ್ಟಿಕ್ ಹಾಳೆ ಇರತ್ತೆ, ಮೇಲೆ ಅದು ವಾರೆ ಇರೋದು, ಬಿಸಿಲು ಸುಮಾರು ಅಲ್ಲೇ ಹೋಗತ್ತೆ. ಜೊತೆಗೆ ಏಪ್ರಿಲ್ಲಲ್ಲಿ ಮುಚ್ಚಿದ ಗಾಡಿ ಡ್ಯಾಶ್‌ಬೋರ್ಡ್ ಕೈ ಇಡಕ್ಕಾಗಲ್ಲ, ಪ್ಯಾನಲ್ ಪದರ ಬಿಟ್ಕೊಂಡು ಗುಳ್ಳೆ ಎದ್ದಿರೋದು ನಾನೇ ನೋಡಿದೀನಿ.

ಹಳೇ_ಬುಲೆಟ್
ಆದ್ರೆ ಆ ಐಡಿಯಾ ಕೆಟ್ಟದ್ದೇನಲ್ಲ ಅಣ್ಣ, ಫೋಕ್ಸ್‌ವ್ಯಾಗನ್‌ನವರು ಹೊಸ ಗಾಡಿಗಳನ್ನ ಹಡಗಲ್ಲಿ ಕಳಿಸೋವಾಗ, ಯಾರ್ಡಲ್ಲಿ ನಿಲ್ಸೋವಾಗ ಗಾಜಿಗೆ ಇಂಥದೇ ಚಿಕ್ಕ ಪ್ಯಾನಲ್ ನೇತು ಹಾಕ್ತಿದ್ರು, ಬ್ಯಾಟರಿ ಮಲಗದೆ ಇರ್ಲಿ ಅಂತ. ಅಲ್ಲಿ ಗಾಡಿ ಬಯಲಲ್ಲಿ ನಿಂತಿರತ್ತೆ, ಪ್ಯಾನಲ್‌ಗೂ ಬ್ಯಾಟರಿಗೂ ಸಂಪರ್ಕ ಇರತ್ತೆ.

ನಂದು ಹಳೇ ಬುಲೆಟ್ಟು, 14 ಎಎಚ್. ತಿಂಗಳಿಗೆ ಒಂದೋ ಎರಡೋ ಸಲ ನಂದಿ ಬೆಟ್ಟದ ಕಡೆ ಹೋಗೋದು. ಮೊದಲು ಎರಡು ಬ್ಯಾಟರಿ ಕೊಂದಿದೀನಿ, ಎರಡೂ ಸಲ ಒಂದೂವರೆ ವರ್ಷಕ್ಕೇ ಹೋಯ್ತು. ಖಾಲಿ ಆದ ಬ್ಯಾಟರೀನ ಹಂಗೇ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಕರಗಲ್ಲ. ಈಗ ಮೂರು ವರ್ಷದಿಂದ 3 ವಾಟ್ ಪ್ಯಾನಲ್ಲು ಬರೀ ಒಂದು ಡಯೋಡ್ (ಕರೆಂಟನ್ನ ಒಂದೇ ಕಡೆಗೆ ಬಿಡೋದು) ಹಾಕಿ ಕೊಟ್ಟಿದೀನಿ, ಅದೇ ಬ್ಯಾಟರಿ ಇವತ್ತಿಗೂ ಓಡ್ತಿದೆ. ನೀರು ಮಾತ್ರ ಎರಡು ತಿಂಗಳಿಗೆ ಸಲ ನೋಡ್ತೀನಿ.

ಸ್ಕೂಟಿ_ಅಕ್ಕ
ನನ್ನ ಮಗಳ ಸ್ಕೂಟರ್ ಹಂಗೇ ನಿಂತಿದೆ, ಅವಳು ಮೈಸೂರಲ್ಲಿ ಹಾಸ್ಟೆಲ್. ಬ್ಯಾಟರಿ ಮೇಲೆ 12 ವೋಲ್ಟ್ 3 ಎಎಚ್ ಅಂತಿದೆ. ಅವಳು ಬಂದಾಗಲೆಲ್ಲಾ ಅವರಪ್ಪ ಕಿಕ್ ಹೊಡೆದೂ ಹೊಡೆದೂ ಸುಸ್ತು. ನಾನೂ ಬುಲೆಟ್ ಅಣ್ಣನ ಥರ ಡಯೋಡ್ ಹಾಕಿ 10 ವಾಟ್ ಪ್ಯಾನಲ್ ಕೊಟ್ಬಿಡ್ಲಾ? ಮನೇಲಿ ಹಳೇದೊಂದು ಇದೆ.

ಮೀಟರ್_ಹಿಡ್ಕೊಂಡೋನು
ದಯವಿಟ್ಟು ಬೇಡ ಅಕ್ಕ!! ಬುಲೆಟ್ ಅಣ್ಣಂದು ದೊಡ್ಡ ಬ್ಯಾಟರಿ ಚಿಕ್ಕ ಪ್ಯಾನಲ್ಲು, 14 ಎಎಚ್‌ಗೆ 0.17 ಆಂಪ್ಸ್, ಅದೂ ನೀರು ಹಾಕೋ ಬ್ಯಾಟರಿ, ಅವರು ನೋಡ್ಕೊಂಡು ನಡೆಸ್ತಿದಾರೆ, ನಾನಾದ್ರೆ ಅದಕ್ಕೂ ಕಂಟ್ರೋಲರ್ ಹಾಕ್ತಿದ್ದೆ. ನಿಮ್ಮದು 3 ಎಎಚ್‌ಗೆ 0.55. ಒಂದೇ ದಿನದಲ್ಲಿ ತುಂಬಿ ಮಾರನೇ ದಿನದಿಂದ ವೋಲ್ಟೇಜ್ 15, 16 ಅಂತ ಏರ್ತಾ ಹೋಗತ್ತೆ. ಖಾಲಿ ಪ್ಯಾನಲ್ಲಿಗೆ 21 ವೋಲ್ಟ್ ತನಕ ಬರತ್ತೆ, ಡಯೋಡ್ ಅದನ್ನ ತಡೆಯಲ್ಲ, ಅದು ರಾತ್ರಿ ಬ್ಯಾಟರಿಯಿಂದ ಪ್ಯಾನಲ್‌ಗೆ ವಾಪಸ್ ಹರಿಯೋದನ್ನ ಮಾತ್ರ ತಡೆಯೋದು. ಸ್ಕೂಟರ್ ಬ್ಯಾಟರಿ ಸೀಲ್ ಆಗಿರತ್ತೆ, ಒಳಗಿನ ನೀರು ಗ್ಯಾಸಾಗಿ ಹೋದ್ರೆ ಮತ್ತೆ ಹಾಕಕ್ಕೆ ದಾರಿ ಇಲ್ಲ. ಆ ಗ್ಯಾಸ್ ಹೈಡ್ರೋಜನ್ನು, ಮುಚ್ಚಿದ ಜಾಗದಲ್ಲಿ ಕಿಡಿ ತಾಗಿದ್ರೆ ಅಪಾಯ.

ಎಸ್.ಪಿ. ರೋಡಲ್ಲಿ ಚಿಕ್ಕ ಪಿಡಬ್ಲ್ಯುಎಂ ಕಂಟ್ರೋಲರ್ ಸಿಗತ್ತೆ, ನಾನು 350 ರೂಪಾಯಿ ಕೊಟ್ಟಿದ್ದೆ. ಅದು 14.4 ಹತ್ರ ಹೋಗಿ ಆಮೇಲೆ 13.7ಕ್ಕೆ ಇಳಿದು ಹಿಡ್ಕೊಂಡಿರತ್ತೆ. ಅದನ್ನ ಹಾಕಿ ಕೊಡಿ. ಪ್ಯಾನಲ್ಲು 3 ವಾಟೇ ಧಾರಾಳ.

ಸ್ಕೂಟಿ_ಅಕ್ಕ
ಕೇಳಿದ್ದು ಒಳ್ಳೇದಾಯ್ತು. ಈ ವಾರ ಯಜಮಾನ್ರನ್ನ ಎಸ್.ಪಿ. ರೋಡಿಗೆ ಕಳಿಸ್ತೀನಿ.

ಬೇಸ್‌ಮೆಂಟ್_ಬಿ2
ನೀವೆಲ್ಲಾ ಪುಣ್ಯವಂತರು, ಪೋರ್ಟಿಕೋ ಇದೆ ತಾರಸಿ ಇದೆ. ನಾನು ಬೆಳ್ಳಂದೂರು ಕಡೆ ಅಪಾರ್ಟ್‌ಮೆಂಟು, ಎರಡನೇ ಬೇಸ್‌ಮೆಂಟು, ಟ್ಯೂಬ್‌ಲೈಟ್ ಬಿಟ್ರೆ ಬೆಳಕೇ ಇಲ್ಲ. ಲಾಕ್‌ಡೌನ್ ಟೈಮಲ್ಲಿ 2020 ಮಾರ್ಚಲ್ಲಿ ನಿಂತ ಗಾಡಿಗಳು ಮೇ ತಿಂಗಳಲ್ಲಿ ಒಂದೂ ಸ್ಟಾರ್ಟ್ ಆಗ್ಲಿಲ್ಲ, ಒಂದೇ ಜಂಪರ್ ಕೇಬಲ್ ಹಿಡ್ಕೊಂಡು ಇಡೀ ಬೇಸ್‌ಮೆಂಟ್ ಸುತ್ತಿದ್ವಿ. ಕಾಮನ್ ಸಾಕೆಟ್ಟಿಂದ ಚಾರ್ಜರ್ ಹಾಕ್ತೀನಿ ಅಂತ ಕೇಳಿದ್ರೆ ಅಸೋಸಿಯೇಷನ್ನಲ್ಲಿ ಬೇಡ ಅಂದ್ರು, ತಿಂಗಳಿಗೆ ಎಷ್ಟಾಗತ್ತೋ ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ. ಟ್ಯೂಬ್‌ಲೈಟ್ ಬೆಳಕಿಗೆ ಸೋಲಾರ್ ಏನಾದ್ರೂ ಬರತ್ತಾ?

ಮೀಟರ್_ಹಿಡ್ಕೊಂಡೋನು
ಬರಲ್ಲ ಸಾರ್. ಮೀಟರ್ ಮುಳ್ಳೂ ಅಲ್ಲಾಡಲ್ಲ ಅಂತಾನೇ ಇಟ್ಕೊಳ್ಳಿ. ನಿಮ್ಮ ಕೇಸಲ್ಲಿ ಸೋಲಾರ್ ಮರೆತುಬಿಡಿ. ನೆಗೆಟಿವ್ ಟರ್ಮಿನಲ್‌ಗೆ ತಿರುಗಿಸೋ ಕಟ್‌ಆಫ್ ಸ್ವಿಚ್ ಸಿಗತ್ತೆ ಜೆ.ಸಿ. ರೋಡಲ್ಲಿ, ಹದಿನೈದು ದಿನದ ಮೇಲೆ ಊರಿಗೆ ಹೋಗೋ ಹಂಗಿದ್ರೆ ಆಫ್ ಮಾಡಿ ಹೋಗಿ. ಗಡಿಯಾರ, ಕಿಟಕಿ ಆಟೋ ಸೆಟ್ಟಿಂಗ್ ಹೋಗತ್ತೆ, ರಿಮೋಟಲ್ಲಿ ಬಾಗಿಲು ತೆಗೆಯಲ್ಲ, ಕೀಲಿಂದಾನೇ ತೆಗೀಬೇಕು, ಅದನ್ನ ಮೊದಲೇ ಪ್ರಯತ್ನ ಮಾಡಿ ನೋಡ್ಕೊಂಡಿರಿ. ತಾನಾಗೇ ಸೋರೋದು ತಿಂಗಳಿಗೆ ನೂರಕ್ಕೆ ಐದರಷ್ಟು, ಅದರಿಂದ ತೊಂದ್ರೆ ಇಲ್ಲ.

ಎಲೆಕ್ಟ್ರಿಕ್_ಕಾರು_ನಾಗರಬಾವಿ
ಎಲೆಕ್ಟ್ರಿಕ್ ಗಾಡಿಯವರೂ ಇದನ್ನ ಓದಿ. ಅಷ್ಟು ದೊಡ್ಡ ಬ್ಯಾಟರಿ ಇದ್ರೂ ಬಾಗಿಲ ಲಾಕು, ಕಂಪ್ಯೂಟರ್ರು, ದೊಡ್ಡ ಬ್ಯಾಟರೀನ ಸೇರಿಸೋ ಕಾಂಟ್ಯಾಕ್ಟರ್ರು ಎಲ್ಲಾ ನಡೆಯೋದು ಚಿಕ್ಕ 12 ವೋಲ್ಟ್ ಬ್ಯಾಟರೀಲೇ. ಅದು ಮಲಗಿದ್ರೆ ದೊಡ್ಡದು ಫುಲ್ ಇದ್ರೂ ಗಾಡಿ ಆನ್ ಆಗಲ್ಲ. ನನಗೆ ಆಗಿದೆ.

ವಾರಕ್ಕೊಂದ್ಸಲ_ಸ್ಟಾರ್ಟ್
ಇಷ್ಟೆಲ್ಲಾ ಯಾಕೆ ಗುರು, ವಾರಕ್ಕೆ ಒಂದ್ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ರೆ ಆಯ್ತಪ್ಪ.

ಗ್ಯಾರೇಜ್_26_ವರ್ಷ
ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡೋದು ಬ್ಯಾಟರಿಗೂ ಪೂರ್ತಿ ಆಗಲ್ಲ ಎಂಜಿನ್‌ಗೂ ಒಳ್ಳೇದಲ್ಲ ತಮ್ಮ. ಸ್ಟಾರ್ಟಿಗೆ ಹೋಗೋ ಕರೆಂಟ್ ಕಮ್ಮೀನೇ, ಅದು ಎರಡು ಮೂರು ನಿಮಿಷಕ್ಕೆ ವಾಪಸ್ ಬರತ್ತೆ. ಆದ್ರೆ ವಾರ ಪೂರ್ತಿ ಸೋರಿದ್ದು ಐದು, ಆರು ಎಎಚ್ ಇರತ್ತಲ್ಲ ಅದು ಐಡಲ್‌ನಲ್ಲಿ ಹತ್ತು ನಿಮಿಷಕ್ಕೆ ತುಂಬಲ್ಲ, ಅದರಲ್ಲೂ ಎ.ಸಿ. ಲೈಟ್ ಹಾಕ್ಕೊಂಡು ಕೂತ್ರೆ. ಸೈಲೆನ್ಸರ್ ಪೂರ್ತಿ ಬಿಸಿಯಾಗಲ್ಲ, ಒಳಗೆ ನೀರು ನಿಂತು ತುಕ್ಕು ಹಿಡಿಯತ್ತೆ. ಅರ್ಧ ಗಂಟೆ ರಿಂಗ್ ರೋಡಲ್ಲಿ ಓಡಿಸ್ಕೊಂಡು ಬನ್ನಿ, ಟೈರೂ ಬ್ರೇಕೂ ಎಲ್ಲಾ ಚೆನ್ನಾಗಿರತ್ತೆ. ಅದಾಗದೆ ಇರೋರಿಗೆ ಈ ಪ್ಯಾನಲ್ಲು.

ಬನಶಂಕರಿ_2ನೇ_ಸ್ಟೇಜ್
ಗಣೇಶನ ಹಬ್ಬ ಮುಗಿದ್ಮೇಲೆ ಕೆಲಸ ಶುರು ಮಾಡ್ದೆ. 10 ವಾಟಿನ ಗಟ್ಟಿ ಪ್ಯಾನಲ್ ಅಲ್ಯೂಮಿನಿಯಂ ಫ್ರೇಮಿಂದು 850ಕ್ಕೆ ಸಿಕ್ತು. ಪೋರ್ಟಿಕೋ ಮೇಲೆ ಬಿಸಿಲಿಲ್ಲ, ರಸ್ತೆ ಹೊಂಗೆ ಮರದ ನೆರಳು ಬೀಳತ್ತೆ. ಮೊದಲನೇ ಮಹಡಿ ತಾರಸೀಲಿ ಇಟ್ರೆ ಚೆನ್ನಾಗಿ ಬರತ್ತೆ, ಆದ್ರೆ ಅಲ್ಲಿಂದ ಗಾಡಿಗೆ 15 ಮೀಟರ್ ವೈರ್ ಬೇಕು. ಅಷ್ಟು ಉದ್ದಕ್ಕೆ ಕರೆಂಟೆಲ್ಲಾ ದಾರೀಲೇ ಹೋಗ್ಬಿಡತ್ತಾ?

ಮೀಟರ್_ಹಿಡ್ಕೊಂಡೋನು
ಇಲ್ಲ ಸಾರ್, ಮನೆ ವೈರಿಂಗಿಗೆ ಹಾಕೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ತಗೊಳ್ಳಿ. ಹೋಗೋದು ಬರೋದು 30 ಮೀಟರಿಗೆ 0.36 ಓಮ್, ನಿಮ್ಮ 0.55 ಆಂಪ್ಸಿಗೆ ಬೀಳೋದು 0.2 ವೋಲ್ಟ್. ಪ್ಯಾನಲ್ ಹತ್ರ 17 ಇದೆ, ಯೋಚನೆ ಬೇಡ. ಕಂಟ್ರೋಲರ್ ಮಾತ್ರ ಗಾಡಿ ಹತ್ರ ಇಡಿ, ಬ್ಯಾಟರಿ ವೋಲ್ಟೇಜ್ ಅದಕ್ಕೆ ಸರಿಯಾಗಿ ಗೊತ್ತಾಗ್ಬೇಕು. ನೆರಳಿನ ವಿಷಯದಲ್ಲಿ ನೀವು ಯೋಚಿಸಿದ್ದು ತುಂಬಾ ಸರಿ. ಅನುಮಾನ ಇದ್ರೆ ಅಂಗೈಯಿಂದ ಒಂದೇ ಒಂದು ಸೆಲ್ ಮುಚ್ಚಿ ಮೀಟರ್ ನೋಡಿ, ಅರ್ಧಕ್ಕಿಂತ ಕೆಳಗೆ ಬೀಳತ್ತೆ. 36 ಸೆಲ್ಲೂ ಸಾಲಾಗಿ ಸೇರ್ಸಿರೋದಲ್ವಾ, ಒಂದು ಕಟ್ಟಿಕೊಂಡ್ರೆ ಎಲ್ಲಾ ಕಟ್ಟಿಕೊಂಡ ಹಂಗೆ. ಈ ಊರಲ್ಲಿ ವಾಟಿಗಿಂತ ಮರದ ನೆರಳು ನೋಡ್ಕೊಂಡು ಜಾಗ ಹುಡುಕೋದೇ ಮುಖ್ಯ.

ಮೇಷ್ಟ್ರು_ಮಲ್ಲೇಶ್ವರಂ
ಕೋನದ ಬಗ್ಗೆ ನಾನೊಂದು ಮಾತು ಸೇರಿಸ್ತೀನಿ. ಪುಸ್ತಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಅಕ್ಷಾಂಶದಷ್ಟು ವಾರೆ ಅಂತಿರತ್ತೆ, ಬೆಂಗಳೂರು 13 ಡಿಗ್ರಿ. ಅದು ವರ್ಷದ ಲೆಕ್ಕಕ್ಕೆ ಸರಿ. ಆದ್ರೆ ನಮ್ಮಲ್ಲಿ ಏಪ್ರಿಲ್ 24–25ಕ್ಕೆ ಒಂದ್ಸಲ, ಆಗಸ್ಟ್ 18ಕ್ಕೆ ಇನ್ನೊಂದ್ಸಲ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನೆರಳೇ ಇರಲ್ಲ. ಶೂನ್ಯ ನೆರಳಿನ ದಿನ ಅಂತ ನನ್ನ ಮಕ್ಕಳಿಗೆ ಅಂಗಳದಲ್ಲಿ ಕೋಲು ನೆಟ್ಟು ತೋರಿಸ್ತಿದ್ದೆ. ಆ ಎರಡು ದಿನದ ಮಧ್ಯ ಸೂರ್ಯ ಮಧ್ಯಾಹ್ನ ನಮಗೆ ಉತ್ತರಕ್ಕಿರ್ತಾನೆ. ಈಗ ಆಗಸ್ಟ್ 18 ಕಳೀತು, ಇನ್ನು ಡಿಸೆಂಬರ್ ತನಕ ದಕ್ಷಿಣಕ್ಕೆ ಇಳೀತಾ ಹೋಗ್ತಾನೆ, ದಕ್ಷಿಣದ ಕಡೆ ಎತ್ತರದ ಮನೆ ಇದ್ರೆ ಅದರ ನೆರಳು ಈಗ ಇಲ್ಲದ್ದು ಡಿಸೆಂಬರಲ್ಲಿ ಉದ್ದವಾಗಿ ಬೀಳತ್ತೆ. ಈಗ್ಲೇ ಅದನ್ನ ನೋಡಿ ಇಡಿ. ಪೂರ್ತಿ ಮಟ್ಟಸವಾಗಿ ಮಾತ್ರ ಇಡಬೇಡಿ, ಸ್ವಲ್ಪ ವಾರೆ ಇದ್ರೆ ಮಳೆ ಧೂಳನ್ನ ತೊಳ್ಕೊಂಡು ಹೋಗತ್ತೆ.

ಬನಶಂಕರಿ_2ನೇ_ಸ್ಟೇಜ್
ಮೇಷ್ಟ್ರೇ ನಮಸ್ಕಾರ, ಇದು ನನಗೆ ಹೊಳೆದೇ ಇರ್ಲಿಲ್ಲ. ದಕ್ಷಿಣಕ್ಕೆ ಪಕ್ಕದ ಮನೆಯವರು ಮೂರನೇ ಮಹಡಿ ಎಬ್ಬಿಸ್ತಿದಾರೆ. ಪ್ಯಾನಲ್ಲನ್ನ ನೀರಿನ ಟ್ಯಾಂಕ್ ಕಟ್ಟೆ ಹತ್ರಕ್ಕೆ ತಗೊಂಡ್ ಹೋದೆ.

ಗ್ಯಾರೇಜ್_26_ವರ್ಷ
ಸೇರಿಸೋವಾಗ ಇವು ಮರೀಬೇಡಿ ಸಾರ್, ಇದರಲ್ಲಿ ತಪ್ಪಾಗಿ ಸುಟ್ಕೊಂಡು ಬಂದೋರನ್ನ ನೋಡಿದೀನಿ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ 3 ಆಂಪ್ಸ್ ಫ್ಯೂಸು. ಪ್ಯಾನಲ್ಲಿಂದ ಬರೋ ಕರೆಂಟಿಗೆ ವೈರ್ ಸುಡಲ್ಲ, ಬ್ಯಾಟರಿ ಕಡೆಯಿಂದ ಶಾರ್ಟ್ ಆದ್ರೆ ಸುಡತ್ತೆ, ಅದಕ್ಕೆ ಫ್ಯೂಸ್ ಅಲ್ಲೇ ಇರ್ಬೇಕು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚೋವಾಗ ಮೊದಲು ಪ್ಯಾನಲ್. ಪ್ಯಾನಲ್‌ನ ಎರಡು ವೈರೂ ಕಂಟ್ರೋಲರ್ ತನಕಾನೇ ಬರ್ಲಿ, ಒಂದು ವೈರ್ ಉಳಿಯತ್ತೆ ಅಂತ ಪ್ಯಾನಲ್ ನೆಗೆಟಿವ್‌ನ ಗಾಡಿಯ ಲೋಹದ ಬಾಡಿಗೆ ಸೇರಿಸ್ಬೇಡಿ, ಅಗ್ಗದ ಕಂಟ್ರೋಲರ್ ಸುಮಾರು ಒಳಗಡೆ ಪಾಸಿಟಿವ್ ಕಾಮನ್ ಇರ್ತವೆ (ಪ್ಯಾನಲ್ಲು, ಬ್ಯಾಟರಿ ಎರಡರ ಪಾಸಿಟಿವೂ ನೇರ ಸೇರಿರತ್ತೆ, ಕಂಟ್ರೋಲ್ ಆಗೋದು ನೆಗೆಟಿವ್ ಕಡೆ), ಹಂಗೆ ಕೊಟ್ರೆ ಅದರ ಕಂಟ್ರೋಲೇ ತಪ್ಪಿಹೋಗತ್ತೆ. ನಿಮ್ಮ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಡಬ್ಬಿ ಇದ್ರೆ, ಸಿಗ್ನಲಲ್ಲಿ ತಾನಾಗೇ ಎಂಜಿನ್ ಆಫ್ ಆಗೋ ಗಾಡಿಗಳಲ್ಲಿ ಇರತ್ತೆ, ಕಂಟ್ರೋಲರ್ ನೆಗೆಟಿವ್‌ನ ಟರ್ಮಿನಲ್‌ಗೆ ಕೊಡದೆ ಎಂಜಿನ್ ಅರ್ತ್ ಬೋಲ್ಟಿಗೆ ಕೊಡಿ.

ಗಾಡಿ ಹತ್ರ ಎಳೆದ್ರೆ ಬಿಟ್ಕೊಳೋ ಕನೆಕ್ಟರ್ ಹಾಕಿ, ಮರೆತು ಹಂಗೇ ಗಾಡಿ ತೆಗೆಯೋರೇ ಜಾಸ್ತಿ. ಅದರಲ್ಲಿ ಬ್ಯಾಟರಿ ಕಡೆಗಿರೋ ಭಾಗ ಪಿನ್ ಹೊರಗೆ ಕಾಣದ್ದು, ಮುಚ್ಚಿರೋದು ಆಗಿರ್ಬೇಕು. ಇಲ್ಲಾಂದ್ರೆ ಗಾಡಿಯ ಲೋಹಕ್ಕೆ ತಗಲಿ ಶಾರ್ಟ್ ಆಗತ್ತೆ.

ಹಳೇ_ಬುಲೆಟ್
ಇಲಿ! ವೈರ್‌ಗೆ ಪೈಪ್ ಹಾಕಿ. ನನಗೆ ಒಂದ್ಸಲ ಪೂರ್ತಿ ಕಡಿದು ಹಾಕಿತ್ತು, ಹದಿನೈದು ದಿನ ಗೊತ್ತೇ ಆಗ್ಲಿಲ್ಲ.

ಬನಶಂಕರಿ_2ನೇ_ಸ್ಟೇಜ್
ಎಲ್ಲರೂ ಹೇಳಿದ ಹಂಗೇ ಮಾಡಿದೀನಿ. ಸೆಪ್ಟೆಂಬರ್ 7ಕ್ಕೆ ಬ್ಯಾಟರಿ ಮತ್ತೆ ಅಂಗಡೀಲಿ ಫುಲ್ ಚಾರ್ಜ್ ಮಾಡ್ಸಿ ಹಾಕ್ದೆ. ದಿನಾ ಬೆಳಿಗ್ಗೆ ಬಿಸಿಲು ಬರೋಕ್ಕೆ ಮುಂಚೆ ಆರು ಗಂಟೆಗೆ ಮೀಟರ್ ಹಿಡಿದು ಕ್ಯಾಲೆಂಡರ್ ಮೇಲೆ ಬರೀತಿದೀನಿ, ಬಿಸಿಲಲ್ಲಿ ನೋಡಿದ್ರೆ ಚಾರ್ಜಿಂಗ್ ವೋಲ್ಟೇಜ್ ಕಾಣತ್ತೆ, ಬ್ಯಾಟರಿ ನಿಜ ಗೊತ್ತಾಗಲ್ಲ ಅಂತ ಮೀಟರ್ ಸಾರ್ ಮೆಸೇಜ್ ಮಾಡಿ ಹೇಳಿದ್ರು. ಮೊದಲ ದಿನ 12.62. ಎರಡನೇ ವಾರ ಮಧ್ಯ ನಾಲ್ಕು ದಿನ ಬಿಡದೆ ಮೋಡ, ಸಂಜೆ ಆದ್ರೆ ಮಳೆ, ಆಗ 12.57ಕ್ಕೆ ಇಳೀತು, ಭಯ ಆಯ್ತು. ಬಿಸಿಲು ಬಂದ ಎರಡೇ ದಿನಕ್ಕೆ 12.64. ಇಷ್ಟು ದಿನದಲ್ಲಿ ಗಾಡಿ ಒಂದು ಸಲಾನೂ ತೆಗೆದಿಲ್ಲ, ಬೇಕಂತಲೇ.

ರಾಜಾಜಿನಗರ_ಎಂಜಿನಿಯರಿಂಗ್_ಹುಡುಗ
ಸಾರ್ 12.6 ಇದ್ರೆ ಫುಲ್ ಅಂತಾನಾ? ಎಷ್ಟಕ್ಕೆ ಬಂದ್ರೆ ಭಯ ಪಡ್ಬೇಕು?

ಮೀಟರ್_ಹಿಡ್ಕೊಂಡೋನು
ರಾತ್ರಿ ಪೂರ್ತಿ ಸುಮ್ನಿದ್ದ ಬ್ಯಾಟರಿ 12.6ರಿಂದ 12.7 ಇದ್ರೆ ಫುಲ್. 12.4 ಅಂದ್ರೆ ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಡಬಾರದು, ಸಲ್ಫೇಟ್ ಕೂರೋದು ಅಲ್ಲೇ. ಲಿಥಿಯಂ ಬ್ಯಾಟರಿ ಹಾಕಿರೋ ಬೈಕಿನವರು ಈ ಲೆಕ್ಕ ಹಿಡೀಬೇಡಿ, ಅದಕ್ಕೆ ವೋಲ್ಟೇಜೂ ಬೇರೆ, ಕಂಟ್ರೋಲರ್ರೂ ಲಿಥಿಯಂದೇ ಬೇಕು.

ಮತ್ತೆ ಪೂರ್ತಿ ಮಲಗಿರೋ ಬ್ಯಾಟರೀನ ಈ 10 ವಾಟ್ ಎಬ್ಬಿಸತ್ತೆ ಅಂತ ಯಾರೂ ಕಾಯಬೇಡಿ. ಅರ್ಧ ಖಾಲಿ ಆದ 35 ಎಎಚ್ ತುಂಬಕ್ಕೇ ಒಳ್ಳೆ ಬಿಸಿಲಲ್ಲೂ ಹತ್ತು ಹನ್ನೆರಡು ದಿನ ಬೇಕು. ಮೊದಲು ಕರೆಂಟ್ ಚಾರ್ಜರಲ್ಲಿ ತುಂಬಿಸಿ, ಆಮೇಲೆ ಪ್ಯಾನಲ್‌ಗೆ ಒಪ್ಪಿಸಿ.

ಸ್ಕೂಟಿ_ಅಕ್ಕ
ನಮ್ಮದೂ ಆಯ್ತು. 3 ವಾಟ್ ಪ್ಯಾನಲ್ಲು ಬಾಲ್ಕನಿ ಗ್ರಿಲ್‌ಗೆ ಕಟ್ಟಿದೀವಿ, ಬೆಳಿಗ್ಗೆ ಹತ್ತರ ತನಕ ಮಾತ್ರ ಬಿಸಿಲು. ಆಯುಧ ಪೂಜೆಗೆ ಮಗಳು ಬಂದಿದ್ಲು, ಸ್ಕೂಟರ್ ತೊಳೆದು ಹೂವು ಹಾಕಿ ನಿಂಬೆಹಣ್ಣು ಇಟ್ಟು ಸೆಲ್ಫ್ ಒತ್ತಿದ್ಲು, ಒಂದೇ ಸಲಕ್ಕೆ ಸ್ಟಾರ್ಟ್. ಕಂಟ್ರೋಲರ್ ಕೈ ಇಟ್ರೆ ಸ್ವಲ್ಪ ಬೆಚ್ಚಗಿರತ್ತೆ, ಪರವಾಗಿಲ್ವಾ?

ಮೀಟರ್_ಹಿಡ್ಕೊಂಡೋನು
3 ವಾಟಿಗೆ ಬೆಚ್ಚಗೆ ಆಗಬಾರದು ಅಕ್ಕ. ನೇರ ಬಿಸಿಲು ಬೀಳ್ತಿರಬೇಕು ಅದರ ಮೇಲೆ, ನೆರಳಿಗೆ ಹಾಕಿ ನೋಡಿ. ಆಗಲೂ ಬಿಸಿ ಇದ್ರೆ ಸ್ಕ್ರೂ ಲೂಸ್ ಇರತ್ತೆ, ಟೈಟ್ ಮಾಡ್ಸಿ.

ಸ್ಕೂಟಿ_ಅಕ್ಕ
ಹೌದು ಅದು ಗ್ರಿಲ್ ಮೇಲೇ ಇತ್ತು. ಒಳಗಡೆ ಹಾಕಿದ್ವಿ, ಈಗ ತಣ್ಣಗಿದೆ.

ಬನಶಂಕರಿ_2ನೇ_ಸ್ಟೇಜ್
ಇವತ್ತು ಅಮ್ಮಂಗೆ ಎರಡನೇ ಕಣ್ಣಿನ ಆಪರೇಷನ್ ಇತ್ತು. ಐದೂ ಮುಕ್ಕಾಲಿಗೆ ಕನೆಕ್ಟರ್ ಬಿಚ್ಚಿದೆ, ಮೀಟರಲ್ಲಿ 12.63. ಅಮ್ಮ ಗೇಟ್ ಹತ್ರ ನಿಂತು ನನ್ನೇ ನೋಡ್ತಿದ್ರು. ಕೀ ತಿರುಗಿಸಿದ ತಕ್ಷಣ ಎದ್ದುಬಿಡ್ತು. ಆಸ್ಪತ್ರೇಲಿ ಕಾಯ್ತಾ ಕೂತ್ಕೊಂಡು ಇದನ್ನ ಟೈಪ್ ಮಾಡ್ತಿದೀನಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಗೆ ಹೋಗಿ ಕನೆಕ್ಟರ್ ವಾಪಸ್ ಚುಚ್ಚಬೇಕು.

ಗ್ಯಾರೇಜ್_26_ವರ್ಷ
ಅಮ್ಮಂಗೆ ಬೇಗ ವಾಸಿ ಆಗ್ಲಿ ಸಾರ್. ಟರ್ಮಿನಲ್‌ಗೆ ಸ್ವಲ್ಪ ವ್ಯಾಸಲೀನ್ ಸವರಿ, ಮಳೆಗಾಲದಲ್ಲಿ ಬಿಳಿ ಪುಡಿ ಕಟ್ಟಲ್ಲ.